ಮಗು ಮಲಗುತ್ತಿಲ್ಲ, ನನ್ನ ತಾಳ್ಮೆ ಉಳಿದಿಲ್ಲ

ಪ್ರಶ್ನೆ: ಮಗನಿಗೆ ಎರಡು ವರ್ಷ. ಸಂಜೆ ಐದಕ್ಕೆ ಮಲಗಿ ಆರೂವರೆಗೆ ಏಳುತ್ತಾನೆ. ಅವರಪ್ಪ ಕೆಲಸ ಮುಗಿಸಿ ಬರುವುದು ರಾತ್ರಿ ಹತ್ತಕ್ಕೆ. ಆಮೇಲೆ ಹನ್ನೊಂದೂವರೆಯಾದರೂ ಇವನಿಗೆ ನಿದ್ದೆಯಿಲ್ಲ, ಮೊಬೈಲ್ ಕೊಟ್ಟರೇ ಸುಮ್ಮನಾಗುವುದು. ಎರಡು ಗಂಟೆಗೆ ಎದ್ದು ಬಾಟಲಿ ಹಾಲು ಕೇಳುತ್ತಾನೆ. ಮೊನ್ನೆ ತಡೆಯಲಾಗದೆ ಹೊಡೆದುಬಿಟ್ಟೆ. ನಾನು ಕೆಟ್ಟ ತಾಯಿಯೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಖಂಡಿತ ಅಲ್ಲ. ದಿನವೂ ನಿದ್ದೆಗೆಟ್ಟರೆ ಎಂಥವರ ತಾಳ್ಮೆಯೂ ಕೆಡುತ್ತದೆ. ಹೊಡೆದದ್ದು ತಪ್ಪೆಂದು ನಿಮಗೇ ಅನ್ನಿಸಿದೆ, ಅದನ್ನು ಮತ್ತೆ ಮತ್ತೆ ನೆನೆದು ಕೊರಗಬೇಡಿ. ಇನ್ನೊಮ್ಮೆ ಅಷ್ಟು ಸಿಟ್ಟು ಬಂದರೆ ಮಗುವನ್ನು ಮನೆಯವರ ಕೈಗೆ ಕೊಟ್ಟು ಸ್ವಲ್ಪ ಹೊತ್ತು ಹೊರಗೆ ನಿಂತು ಬನ್ನಿ.

ನಿಮ್ಮ ಮಗ ಮಾಡುತ್ತಿರುವುದು ಹಟವಲ್ಲ. ಸಂಜೆ ಒಂದೂವರೆ ಗಂಟೆ ಮಲಗಿದ ಮಗುವಿಗೆ ರಾತ್ರಿ ಬೇಗ ನಿದ್ದೆ ಬರುವುದು ಕಷ್ಟ. ಅದೂ ಅಲ್ಲದೆ, ಇಡೀ ದಿನ ಕಾದ ಅಪ್ಪ ಆಗಷ್ಟೇ ಬಂದಿರುತ್ತಾರೆ! ಅವರನ್ನು ಬಿಟ್ಟು ಮಲಗಲು ಯಾವ ಮಗುವಿಗೆ ಮನಸ್ಸು ಬರುತ್ತದೆ?

ಮೊದಲು ಬೆಳಗ್ಗೆ ಏಳುವ ಹೊತ್ತನ್ನು ಗಟ್ಟಿ ಮಾಡಿ. ರಾತ್ರಿ ಎಷ್ಟೇ ತಡವಾಗಿರಲಿ, ಏಳಕ್ಕೆ ಎಬ್ಬಿಸಿ ಬಿಸಿಲಿಗೆ ಕರೆತನ್ನಿ. ಅಪ್ಪನ ಜೊತೆಗಿನ ಆಟವೂ ಆಗಲೇ ನಡೆಯಲಿ. ಇದನ್ನು ನಿಮ್ಮ ಯಜಮಾನರೂ ಓದಲಿ. ಹಗಲಿನ ನಿದ್ದೆ ಮಧ್ಯಾಹ್ನದ ಊಟವಾದ ಕೂಡಲೇ ಆಗಿ, ಮೂರಕ್ಕೆ ಮುಗಿಯಬೇಕು. ಮಲಗುವ ವೇಳೆಯನ್ನು ಒಮ್ಮೆಲೇ ಒಂಬತ್ತಕ್ಕೆ ಎಳೆಯಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಗಂಟೆ ಹಿಂದೆ ತನ್ನಿ. ಒಂದೆರಡು ವರ್ಷದ ಮಕ್ಕಳಿಗೆ ಹಗಲುನಿದ್ದೆ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಮೊಬೈಲ್ ಬಿಡಿಸುವಾಗ ಮೊದಮೊದಲು ಅಳು ಜೋರಾಗಿಯೇ ಇರುತ್ತದೆ. ಅದರ ಬೆಳಕು ನಿದ್ದೆಯನ್ನು ದೂರ ತಳ್ಳುವುದರಿಂದ ಮಲಗುವ ಒಂದು ಗಂಟೆ ಮೊದಲೇ ಎತ್ತಿಡಿ. ಬೆಚ್ಚಗಿನ ಸ್ನಾನ, ಊಟ, ಹಲ್ಲುಜ್ಜುವುದು, ಸಣ್ಣ ದೀಪ, ಅಜ್ಜಿಯ ಒಂದು ಕಥೆ: ದಿನವೂ ಇದೇ ಕ್ರಮವಿದ್ದರೆ ಮುಂದಿನದು ನಿದ್ದೆ ಎಂದು ಮಗುವಿಗೇ ತಿಳಿಯುತ್ತದೆ. ನಡುರಾತ್ರಿ ಎಚ್ಚರವಾಗುವುದು ಈ ವಯಸ್ಸಿನಲ್ಲಿ ಸಹಜ. ದೀಪ ಹಾಕದೆ ಬೆನ್ನು ತಟ್ಟಿ. ರಾತ್ರಿಯ ಬಾಟಲಿ ಹಾಲಿನಿಂದ ಹಲ್ಲು ಹುಳುಕಾಗುತ್ತದೆ, ಅದನ್ನು ದಿನದಿನಕ್ಕೆ ಕಡಿಮೆ ಮಾಡುತ್ತಾ ನಿಲ್ಲಿಸಿ. ಪಕ್ಕದಲ್ಲೇ ಮಲಗಿಸಿಕೊಂಡರೆ ಅಭ್ಯಾಸ ಕೆಡುತ್ತದೆಂಬ ಭಯ ಬೇಡ.

ದಿನವೂ ಗೊರಕೆ, ಬಾಯಲ್ಲಿ ಉಸಿರಾಟ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುವುದು, ಸದಾ ಕಾಲು ಒದರುವುದು ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ. ಮೂಗಿನ ಹಿಂದಿನ ಅಡಿನಾಯ್ಡ್ ಊತವೋ ಕಬ್ಬಿಣಾಂಶದ ಕೊರತೆಯೋ ಇರಬಹುದು.

ಮಗು ಮಲಗಿದ ಮೇಲೂ ನಿಮಗೆ ನಿದ್ದೆ ಬಾರದೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ ದಯವಿಟ್ಟು ಸಹಿಸಿಕೊಂಡು ಕೂರಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.