ತೆರೆಯೇರಿದ ಜನ

ನೀರಿನ ಬಳಿ ಬಾಳುವವರಿಗೆ ನೀರು ಒಮ್ಮೆ ತಾಯಿ, ಒಮ್ಮೆ ಮಾರಿ. ಆದುದರಿಂದ ಹೊಳೆಯ ದಡದಲ್ಲಿ, ಕಡಲ ತೀರದಲ್ಲಿ ನೆಲೆಸಿದ ಜನರೆಲ್ಲರೂ ನೀರನ್ನು ಒಲಿಸಿಕೊಳ್ಳುವ ವಿದ್ಯೆಯೊಂದನ್ನು ತಮ್ಮದೇ ರೀತಿಯಲ್ಲಿ ರೂಢಿಸಿಕೊಂಡಿದ್ದಾರೆ. ಕೆಂಭಾವಿಯ ದಕ್ಷಿಣಕ್ಕೆ ಹರಿಯುವ ಕೃಷ್ಣಾ ನದಿಯಲ್ಲಿ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯಿದೆ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟು ಹೊಳೆ ತುಂಬಿದಾಗ, ಅಲ್ಲಿಯ ಜನ ಒಣಗಿದ ಸೋರೆಬುರುಡೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಈಜಿ ದಡ ಸೇರುತ್ತಿದ್ದುದುಂಟು. ಅವರಿಗೆ ಅದು ಆಟವಲ್ಲ, ಅನಿವಾರ್ಯ. ಆದರೆ ಭೂಗೋಳದ ಇನ್ನೊಂದು ಮಗ್ಗುಲಿನಲ್ಲಿ ಇಂಥದೇ ವಿದ್ಯೆಯೊಂದು ಆಟವಾಗಿ ಬೆಳೆದು, ಒಂದು ಜನಾಂಗದ ಬಾಳಿನ ಅಂಗವೇ ಆಯಿತು. ಅದೇ ಹಲಗೆಯ ಮೇಲೆ ನಿಂತು ಕಡಲ ತೆರೆಯನ್ನೇರಿ ಬರುವ ಆಟ. ಇಂದು ಜಗತ್ತು ಅದನ್ನು ಸರ್ಫಿಂಗ್ ಎಂದು ಕರೆಯುತ್ತದೆ.

ಶಾಂತ ಮಹಾಸಾಗರದ ನಡುವೆ, ಅಮೆರಿಕದ ಕ್ಯಾಲಿಫೋರ್ನಿಯ ತೀರದಿಂದ ಸುಮಾರು 3,800 ಕಿಲೋಮೀಟರ್ ದೂರದಲ್ಲಿ ಹವಾಯಿ ದ್ವೀಪಸಮೂಹವಿದೆ. ಇವು ಜ್ವಾಲಾಮುಖಿಗಳಿಂದ ಹುಟ್ಟಿದ ದ್ವೀಪಗಳು. ಸುಮಾರು 1,000 ವರ್ಷಗಳ ಹಿಂದೆ ಪಾಲಿನೇಷಿಯದ ನಾವಿಕರು ನಕ್ಷತ್ರಗಳನ್ನೂ ಗಾಳಿಯನ್ನೂ ಅಲೆಗಳ ಗತಿಯನ್ನೂ ನೋಡಿ ದಿಕ್ಕು ತಿಳಿಯುತ್ತ, ಜೋಡಿದೋಣಿಗಳಲ್ಲಿ ಇಲ್ಲಿಗೆ ಬಂದು ನೆಲೆಸಿದರು. ತೆರೆಯೇರುವ ಆಟ ಟಹೀಟಿ ಮೊದಲಾದ ದ್ವೀಪಗಳಲ್ಲಿಯೂ ಇದ್ದಿತು. ಆದರೆ ಅದು ಪರಿಪೂರ್ಣ ಕಲೆಯಾಗಿ ಅರಳಿದುದು ಹವಾಯಿಯಲ್ಲಿ. ಅವರ ಭಾಷೆಯಲ್ಲಿ ಅದರ ಹೆಸರು ‘ಹೆಎ ನಲು’. ‘ಹೆಎ’ ಎಂದರೆ ಜಾರುವುದು, ‘ನಲು’ ಎಂದರೆ ತೆರೆ.

ತೆರೆಯ ಮೇಲೆ ಮನುಷ್ಯನು ನಿಲ್ಲುವುದು ಹೇಗೆ? ದೂರದ ಸಾಗರದಲ್ಲಿ ಎದ್ದ ಬಿರುಗಾಳಿ ನೀರನ್ನು ಕದಡಿ ಅಲೆಗಳನ್ನು ಎಬ್ಬಿಸುತ್ತದೆ. ಆ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ಬರುತ್ತವೆ. ಸಾಗುವುದು ಅಲೆಯ ಶಕ್ತಿಯೇ ಹೊರತು ನೀರಲ್ಲ. ನೀರು ಬಹುಮಟ್ಟಿಗೆ ಇದ್ದಲ್ಲೇ ಏರಿ ಇಳಿಯುತ್ತದೆ. ತೀರದ ಬಳಿ ಆಳ ಕಡಿಮೆಯಾದಂತೆ ಅಲೆಯ ವೇಗ ತಗ್ಗುತ್ತದೆ, ಎತ್ತರ ಹೆಚ್ಚುತ್ತದೆ. ಕೊನೆಗೆ ಅದರ ತುದಿ ಮುಂದಕ್ಕೆ ಬಾಗಿ ಮುರಿದು ಬೀಳುತ್ತದೆ. ಮುರಿಯುವುದಕ್ಕೆ ತುಸು ಮುಂಚೆ ಆಟಗಾರನು ಹಲಗೆಯ ಮೇಲೆ ಬೋರಲಾಗಿ ಮಲಗಿ, ಕೈಗಳಿಂದ ನೀರನ್ನು ಹಿಂದಕ್ಕೆ ತಳ್ಳುತ್ತ ಅಲೆಯ ವೇಗಕ್ಕೆ ತನ್ನ ವೇಗವನ್ನು ಹೊಂದಿಸಿಕೊಳ್ಳುತ್ತಾನೆ. ಅಲೆ ಅವನನ್ನು ಎತ್ತಿದೊಡನೆ ಎದ್ದು ನಿಂತು, ಅದರ ಇಳಿಜಾರಿನಲ್ಲಿ ಜಾರತೊಡಗುತ್ತಾನೆ. ಇಲ್ಲಿ ಬಲಕ್ಕಿಂತ ಮಿಗಿಲಾದುದು ಸಮಯಪ್ರಜ್ಞೆ. ಅಲೆಯನ್ನು ಗೆಲ್ಲಹೊರಟವನು ಮುಳುಗುತ್ತಾನೆ. ಅದರೊಡನೆ ಹೊಂದಿ ನಡೆದವನು ದಡ ಸೇರುತ್ತಾನೆ.

ಹಳೆಯ ಹವಾಯಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳು, ಅರಸರು, ಸಾಮಾನ್ಯರು ಎಲ್ಲರೂ ಈ ಆಟವನ್ನು ಆಡುತ್ತಿದ್ದರು. ಸಾಮಾನ್ಯವಾಗಿ ಬಳಸುತ್ತಿದ್ದ ತೆಳುವಾದ ಹಲಗೆಗೆ ‘ಅಲಾಯ’ ಎಂದು ಹೆಸರು. ಅರಸು ಮನೆತನದವರದು ‘ಓಲೋ’ ಎಂಬ ಉದ್ದನೆಯ, ದಪ್ಪನೆಯ ಹಲಗೆ. ಪಾಕಿ ಎಂಬ ನಾಯಕನ ಇಂಥ ಹಲಗೆ 4.5 ಮೀಟರಿಗಿಂತ ಉದ್ದವಾಗಿದ್ದು, ಹೊನೊಲುಲು ನಗರದ ಬಿಷಪ್ ವಸ್ತುಸಂಗ್ರಹಾಲಯದಲ್ಲಿ ಉಳಿದುಬಂದಿದೆ. ಹಲಗೆಯನ್ನು ಮಾಡುವುದು ಒಂದು ವ್ರತದಂತಿತ್ತು. ಮರವನ್ನು ಕಡಿಯುವ ಮುನ್ನ ಅದರ ಬುಡದಲ್ಲಿ ಕೆಂಪು ಮೀನೊಂದನ್ನಿಟ್ಟು ಪ್ರಾರ್ಥಿಸುತ್ತಿದ್ದರು. ಕಲ್ಲಿನ ಬಾಚಿಯಿಂದ ಕೆತ್ತಿ, ಹವಳದ ತುಂಡುಗಳಿಂದ ಉಜ್ಜಿ, ಗಿಡಗಳ ರಸ ಮತ್ತು ಮಸಿಯಿಂದ ಕಪ್ಪು ಬಣ್ಣ ಬಳಿದು, ಎಣ್ಣೆ ಹಚ್ಚುತ್ತಿದ್ದರು. ಆಟ ಮುಗಿದ ಮೇಲೆ ಹಲಗೆಯನ್ನು ಒಣಗಿಸಿ, ನಾರುಬಟ್ಟೆಯಲ್ಲಿ ಸುತ್ತಿ ಮನೆಯೊಳಗೆ ಜೋಪಾನವಾಗಿಡುತ್ತಿದ್ದರು. ಕಡಲು ಮೌನವಾಗಿದ್ದರೆ, ಮರಳಿನ ಮೇಲೆ ಹಬ್ಬುವ ಒಂದು ಬಳ್ಳಿಯಿಂದ ನೀರನ್ನು ಬಡಿದು ಮಂತ್ರ ಹೇಳಿ ತೆರೆಗಳನ್ನು ಕರೆಯುತ್ತಿದ್ದರು. ಆಡಿನ ಗೊರಸನ್ನು ಹೋಲುವ ಎಲೆಗಳುಳ್ಳ ಆ ಬಳ್ಳಿ ಕರ್ನಾಟಕದ ಕಡಲತೀರದಲ್ಲಿಯೂ ಬೆಳೆಯುತ್ತದೆ. ವರ್ಷಕ್ಕೊಮ್ಮೆ ಬರುವ ‘ಮಕಹಿಕಿ’ ಹಬ್ಬದ ತಿಂಗಳುಗಳಲ್ಲಿ ಯುದ್ಧ ನಿಷಿದ್ಧವಾಗಿತ್ತು. ಆಗ ಎಲ್ಲೆಡೆ ಆಟಪಾಟಗಳು ನಡೆಯುತ್ತಿದ್ದವು.

1778ರಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್ ಈ ದ್ವೀಪಗಳಿಗೆ ಬಂದನು. ಅವನ ಹಡಗಿನ ಅಧಿಕಾರಿ ಜೇಮ್ಸ್ ಕಿಂಗ್ ಎಂಬವನು ಹವಾಯಿ ಜನರ ತೆರೆಯಾಟವನ್ನು ಬೆರಗಿನಿಂದ ವರ್ಣಿಸಿದ್ದಾನೆ. ಆದರೆ ಆ ಹಡಗುಗಳೊಡನೆ ತೆರೆದ ದಾರಿ ದ್ವೀಪದವರ ಪಾಲಿಗೆ ದುರಂತವಾಯಿತು. ಹೊರಗಿನಿಂದ ಬಂದ ರೋಗಗಳನ್ನು ತಡೆಯುವ ಶಕ್ತಿ ಅವರ ದೇಹಕ್ಕಿರಲಿಲ್ಲ. 1848ರಲ್ಲಿ ದಡಾರ, 1853ರಲ್ಲಿ ಸಿಡುಬು ಊರೂರುಗಳನ್ನೇ ಬರಿದು ಮಾಡಿದವು. ಲಕ್ಷಗಟ್ಟಲೆ ಇದ್ದ ಮೂಲ ಹವಾಯಿಯರ ಸಂಖ್ಯೆ, ಮಿಶ್ರ ಸಂತತಿಯವರನ್ನೂ ಸೇರಿಸಿ, 1890ರ ಜನಗಣತಿಯ ವೇಳೆಗೆ ಸುಮಾರು 40,000ಕ್ಕೆ ಇಳಿಯಿತು. 1819ರಲ್ಲಿ ಹಳೆಯ ಧಾರ್ಮಿಕ ಕಟ್ಟಳೆಗಳು ರದ್ದಾದಾಗ, ಅವುಗಳೊಡನೆ ಬೆಸೆದುಕೊಂಡಿದ್ದ ಹಬ್ಬದ ಆಟಗಳೂ ನೆಲೆ ತಪ್ಪಿದವು. 1820ರಲ್ಲಿ ಬಂದ ಅಮೆರಿಕದ ಪಾದ್ರಿಗಳಿಗೆ ಅಲ್ಪ ಉಡುಗೆಯಲ್ಲಿ ಗಂಡುಹೆಣ್ಣುಗಳು ಕೂಡಿ ಆಡುವುದೂ ಪಂದ್ಯದಲ್ಲಿ ಬಾಜಿ ಕಟ್ಟುವುದೂ ಸರಿ ಕಾಣಲಿಲ್ಲ. ಮುಂದೆ ಕಬ್ಬಿನ ತೋಟಗಳು ಬಂದವು. ದುಡಿಮೆಯ ರೀತಿಯೇ ಬದಲಾಯಿತು. ಆಡುವವರೂ ಉಳಿಯಲಿಲ್ಲ, ಆಡಲು ಬಿಡುವೂ ಉಳಿಯಲಿಲ್ಲ.

ಈ ಕಾಲದಲ್ಲಿ ತನ್ನ ಜನರ ಸಂಸ್ಕೃತಿಯನ್ನು ಎತ್ತಿಹಿಡಿದವನು 1874ರಿಂದ 1891ರವರೆಗೆ ಆಳಿದ ಕಲಾಕೌವ ಎಂಬ ದೊರೆ. 1881ರಲ್ಲಿ ಭೂಪ್ರದಕ್ಷಿಣೆ ಕೈಗೊಂಡ ಇವನು ಕಲ್ಕತ್ತ, ಮುಂಬಯಿಗಳಿಗೂ ಬಂದಿದ್ದನು. ತುಚ್ಛವೆಂದು ತಳ್ಳಲ್ಪಟ್ಟಿದ್ದ ‘ಹುಲಾ’ ನೃತ್ಯಕ್ಕೂ ಹಳೆಯ ಕ್ರೀಡೆಗಳಿಗೂ ಅವನು ಅರಮನೆಯ ಮನ್ನಣೆ ನೀಡಿದನು. ಆದರೆ ಅರಮನೆಯೇ ಬಹುಕಾಲ ಉಳಿಯಲಿಲ್ಲ. 1893ರಲ್ಲಿ ರಾಣಿ ಲಿಲಿಉಓಕಲಾನಿಯನ್ನು ಪದಚ್ಯುತಗೊಳಿಸಲಾಯಿತು. 1896ರ ಕಾನೂನಿನಿಂದ ಶಾಲೆಗಳಲ್ಲಿ ಇಂಗ್ಲಿಷೇ ಕಲಿಕೆಯ ಮಾಧ್ಯಮವಾಯಿತು. 1898ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ದ್ವೀಪಗಳನ್ನು ತನ್ನದಾಗಿಸಿಕೊಂಡಿತು. ರಾಜ್ಯ ಹೋಯಿತು, ಭಾಷೆ ಮನೆಯ ಮೂಲೆ ಸೇರಿತು. ತೆರೆಗಳು ಮಾತ್ರ ಎಂದಿನಂತೆ ಬರುತ್ತಿದ್ದವು. ಅವುಗಳನ್ನು ಏರಬಲ್ಲ ಕೆಲವರು ಇನ್ನೂ ಉಳಿದಿದ್ದರು.

ಆ ಕೆಲವರ ನಡುವೆ ಬೆಳೆದವನು ಡ್ಯೂಕ್ ಕಹನಮೋಕು. 1890ರಲ್ಲಿ ಹೊನೊಲುಲುವಿನಲ್ಲಿ ಹುಟ್ಟಿದ ಈತ ವೈಕಿಕಿ ತೀರದಲ್ಲಿ ಈಜನ್ನೂ ತೆರೆಯಾಟವನ್ನೂ ಕಲಿತನು. 1911ರಲ್ಲಿ ಹವಾಯಿಯ ತರುಣರು ‘ಹುಯಿ ನಲು’, ಎಂದರೆ ತೆರೆಗಳ ಕೂಟ ಎಂಬ ಸಂಘವನ್ನು ಕಟ್ಟಿದಾಗ ಅವರಲ್ಲಿ ಡ್ಯೂಕನೂ ಒಬ್ಬನು. 1912ರ ಸ್ಟಾಕ್‌ಹೋಂ ಒಲಿಂಪಿಕ್ಸ್‌ನಲ್ಲಿಯೂ 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿಯೂ 100 ಮೀಟರ್ ಈಜಿನಲ್ಲಿ ಅವನಿಗೆ ಚಿನ್ನದ ಪದಕ ದೊರೆಯಿತು. ಹೋದೆಡೆಯಲ್ಲೆಲ್ಲ ಅವನು ತನ್ನ ನಾಡಿನ ಆಟವನ್ನು ತೋರಿಸಿದನು. 1914ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ಸಿಡ್ನಿಗೆ ಹೋದಾಗ, ಅಲ್ಲಿಯೇ ದೊರೆತ ಪೈನ್ ಮರದಿಂದ ಹಲಗೆ ಮಾಡಿಕೊಂಡು ಫ್ರೆಶ್‌ವಾಟರ್ ತೀರದಲ್ಲಿ ತೆರೆಯೇರಿ ಜನರನ್ನು ಬೆರಗುಗೊಳಿಸಿದನು.

ಆ ಆಟದ ನಿಜವಾದ ಬೆಲೆ ಗೊತ್ತಾದುದು 1925ರ ಜೂನ್ 14ರಂದು. ಕ್ಯಾಲಿಫೋರ್ನಿಯದ ಕೊರೊನ ಡೆಲ್ ಮಾರ್ ತೀರದ ಬಳಿ ‘ಥೆಲ್ಮ’ ಎಂಬ ದೋಣಿ ಭಾರಿ ಅಲೆಗಳಿಗೆ ಸಿಕ್ಕಿ ಮಗುಚಿತು. ಅದರಲ್ಲಿ 29 ಜನರಿದ್ದರು. ಈಜಿ ಹೋಗುವುದೂ ಕಷ್ಟವಾಗಿದ್ದ ಆ ಕಡಲಿಗೆ ಡ್ಯೂಕ್ ತನ್ನ ಹಲಗೆಯೊಡನೆ ನುಗ್ಗಿದನು. ಮತ್ತೆ ಮತ್ತೆ ಹೋಗಿ ಬಂದು 8 ಜನರನ್ನು ದಡಕ್ಕೆ ತಂದನು. ಅವನ ಜೊತೆಗಾರರು ಇನ್ನೂ 4 ಜನರನ್ನು ಉಳಿಸಿದರು. ಉಳಿದ 17 ಜನರು ಕಡಲಪಾಲಾದರು. ಕಾಲಹರಣವೆಂದು ಕೆಲವರು ಹಳಿದಿದ್ದ ಆಟ ಅಂದು ಪ್ರಾಣರಕ್ಷಣೆಯ ವಿದ್ಯೆಯಾಯಿತು. ಕ್ರಮೇಣ ಕಡಲತೀರದ ರಕ್ಷಕರಿಗೆ ಹಲಗೆ ಮುಖ್ಯ ಸಾಧನವಾಯಿತು. 1968ರಲ್ಲಿ ಡ್ಯೂಕ್ ತೀರಿಕೊಂಡಾಗ ಅವನ ಚಿತಾಭಸ್ಮವನ್ನು ವೈಕಿಕಿಯ ಕಡಲಿನಲ್ಲಿಯೇ ಬಿಡಲಾಯಿತು.

ಇಪ್ಪತ್ತನೆಯ ಶತಮಾನದ ನಡುವೆ ಭಾರವಾದ ಮರದ ಹಲಗೆಗಳ ಬದಲು ಹಗುರವಾದ ರಾಸಾಯನಿಕ ನೊರೆಯ ಹಲಗೆಗಳು ಬಂದು, ಆಟ ಎಲ್ಲ ಖಂಡಗಳಿಗೂ ಹಬ್ಬಿತು. ಅದು ಕರ್ನಾಟಕಕ್ಕೂ ಬಂದಿತು. ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿಯಲ್ಲಿ ಶಾಂಭವಿ ನದಿಯ ತೀರದ ಆಶ್ರಮವೊಂದರಲ್ಲಿ, ಅಮೆರಿಕದಿಂದ ಬಂದು ಸಂನ್ಯಾಸ ಸ್ವೀಕರಿಸಿದ್ದ ಜ್ಯಾಕ್ ಹೆಬ್ನರ್ ಎಂಬವರು 2004ರಲ್ಲಿ ಮಂತ್ರ ಸರ್ಫ್ ಕ್ಲಬ್ಬನ್ನು ಆರಂಭಿಸಿದರು. ‘ಸರ್ಫಿಂಗ್ ಸ್ವಾಮಿ’ ಎಂದೇ ಅವರು ಹೆಸರಾದರು. 2016ರಲ್ಲಿ ಸಸಿಹಿತ್ಲು ತೀರದಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಎಂಬ ರಾಷ್ಟ್ರೀಯ ಸ್ಪರ್ಧೆ ನಡೆಯಿತು. 2025ರಲ್ಲಿ ತಮಿಳುನಾಡಿನ ಮಾಮಲ್ಲಪುರದಲ್ಲಿ ನಡೆದ ಏಷ್ಯಾ ಮಟ್ಟದ ಸ್ಪರ್ಧೆಯಲ್ಲಿ ರಮೇಶ್ ಬುಡಿಹಾಳ್ ಕಂಚಿನ ಪದಕ ಗಳಿಸಿದರು. ಹೊಟ್ಟೆಪಾಡಿಗಾಗಿ ತಲೆತಲಾಂತರದಿಂದ ದೋಣಿಯಲ್ಲಿ ತೆರೆಗಳನ್ನು ದಾಟಿದ ಮೊಗವೀರರ ಕಡಲಿನಲ್ಲಿ, ತೆರೆಯೊಡನೆ ಆಡುವ ಹೊಸ ಬಗೆಯೊಂದು ಹೀಗೆ ಬೇರೂರಿತು.

ಹವಾಯಿಯಲ್ಲಿಯೂ ಕಾಲ ತಿರುಗಿತು. 1978ರಲ್ಲಿ ಹವಾಯಿ ಭಾಷೆಗೆ ಆ ರಾಜ್ಯದ ಅಧಿಕೃತ ಭಾಷೆಗಳಲ್ಲೊಂದೆಂಬ ಸ್ಥಾನ ದೊರೆಯಿತು. 1987ರಲ್ಲಿ ಸರಕಾರಿ ಶಾಲೆಗಳಲ್ಲಿ ಅದರ ಮೂಲಕವೇ ಕಲಿಸುವುದೂ ಮೊದಲಾಯಿತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಸ್ಥಾನ ಪಡೆದಾಗ, ಮಹಿಳೆಯರ ಚಿನ್ನದ ಪದಕವನ್ನು ಗೆದ್ದವರು ಹೊನೊಲುಲುವಿನಲ್ಲಿ ಹುಟ್ಟಿದ, ಹವಾಯಿ ಮೂಲದ ಕರಿಸ್ಸ ಮೂರ್. ಆದರೂ ಎಲ್ಲವೂ ಮರಳಿ ಬಂದಿತೆನ್ನುವಂತಿಲ್ಲ. ಹೋದ ಜೀವಗಳು ಬರಲಿಲ್ಲ, ಹೋದ ರಾಜ್ಯವೂ ಬರಲಿಲ್ಲ. ಅದೇ ಆಟ ಇಂದು ದೊಡ್ಡ ವ್ಯಾಪಾರವೂ ಆಗಿದೆ.

ಒಂದು ವಿದ್ಯೆ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಬದುಕುವುದಿಲ್ಲ. ಪಾಕಿಯ ಹಲಗೆ ಎಷ್ಟು ಜೋಪಾನವಾಗಿ ಉಳಿದರೂ, ತೆರೆಯ ಮೇಲೆ ನಿಲ್ಲುವುದನ್ನು ಅದು ಯಾರಿಗೂ ಕಲಿಸಲಾರದು. ಅದನ್ನು ಕಲಿಸಿದವರು, ಸೋತ ಕಾಲದಲ್ಲಿಯೂ ನಾಚದೆ ತಮ್ಮ ಆಟವನ್ನು ಆಡುತ್ತಲೇ ಇದ್ದ ಬೆರಳೆಣಿಕೆಯ ಜನ. ಇಂದು ಲೋಕವೆಲ್ಲ ಆಡುವ ಈ ಆಟ ಅವರು ಉಳಿಸಿಕೊಟ್ಟ ಆಸ್ತಿ.