ದಿನದ ಧಮ್ಮ ಚಿಂತನೆ: ಪಾಚಿಗೆ ಊಟ ಹಾಕುವವರು ಯಾರು?

 

ನಮ್ಮ ಮನೆಯ ಮೀನಿನ ತೊಟ್ಟಿ ಪದೇ ಪದೇ ಹಸಿರುಗಟ್ಟುತ್ತಿತ್ತು. ಗಾಜು ಉಜ್ಜಿದೆ, ನೀರು ಬದಲಿಸಿದೆ; ಎರಡೇ ವಾರ, ಮತ್ತೆ ಪಾಚಿ. ಕೊನೆಗೆ ಪಾಚಿ ಸಾಯಿಸುವ ಔಷಧಿ ಸುರಿದೆ. ಪಾಚಿಯೇನೋ ಸತ್ತಿತು. ಆದರೆ ಅದು ಕೊಳೆಯುವಾಗ ನೀರಿನ ಆಮ್ಲಜನಕವೂ ಖಾಲಿಯಾಗಿ, ಬೆಳಿಗ್ಗೆ ನಾಲ್ಕು ಮೀನು ತೇಲುತ್ತಿದ್ದವು. ಮಗಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ತಪ್ಪು ನನ್ನದೇ. ಮೀನು ತಿನ್ನುವುದಕ್ಕಿಂತ ಹೆಚ್ಚು ಆಹಾರ ಹಾಕುತ್ತಿದ್ದೆ. ಉಳಿದದ್ದು ಕೊಳೆತು ನೈಟ್ರೇಟ್, ಫಾಸ್ಫೇಟ್ ಆಗುತ್ತದೆ. ಅದೇ ಪಾಚಿಗೆ ಗೊಬ್ಬರ. ಜೊತೆಗೆ ಕಿಟಕಿಯ ಬಿಸಿಲು. ಸಮುದ್ರದ ಮೀನು ಸಾಕುವ ಉಪ್ಪುನೀರಿನ ತೊಟ್ಟಿಗೂ ಇದೇ ನಿಯಮ. ಈಗ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ, ವಾರಕ್ಕೊಮ್ಮೆ ಕಾಲುಭಾಗ ಹೊಸ ನೀರು, ತೊಟ್ಟಿ ಕಿಟಕಿಯಿಂದ ದೂರ. ಪಾಚಿ ತಾನಾಗಿ ಸೊರಗಿತು.

ಸಂಯುತ್ತ ನಿಕಾಯದ ಸಂಗಾರವ ಸುತ್ತದಲ್ಲಿ ಸಂಗಾರವನೆಂಬ ಬ್ರಾಹ್ಮಣ ಭಗವಾನ್ ಬುದ್ಧರನ್ನು ಕೇಳುತ್ತಾನೆ: ಬಹುಕಾಲ ಬಾಯಿಪಾಠ ಮಾಡಿದ್ದೂ ಕೆಲವೊಮ್ಮೆ ನೆನಪಿಗೆ ಬಾರದೇಕೆ? ಐದು ನೀವರಣಗಳು ಮನಸ್ಸನ್ನು ಮುಚ್ಚುವುದರಿಂದ ಎಂಬುದು ಬುದ್ಧರ ಉತ್ತರ. ಐದಕ್ಕೂ ನೀರಿನ ಪಾತ್ರೆಯ ಹೋಲಿಕೆ. ಆಸೆ ಬಣ್ಣ ಕಲಸಿದ ನೀರು, ದ್ವೇಷ ಕುದಿಯುವ ನೀರು, ಚಂಚಲತೆ ಗಾಳಿಗೆ ಅಲುಗುವ ನೀರು, ಸಂದೇಹ ಕತ್ತಲಲ್ಲಿಟ್ಟ ಕೆಸರು ನೀರು. ಪಾಚಿ ಮುಚ್ಚಿದ ನೀರು ಥೀನಮಿದ್ಧ, ಅಂದರೆ ಜಡತೆ. ಅದರಲ್ಲಿ ನಮ್ಮ ಮುಖ ನಮಗೇ ಕಾಣದು.

ಅದೇ ನಿಕಾಯದ ಆಹಾರ ಸುತ್ತ ಈ ಜಡತೆಯ ಊಟ ಯಾವುದೆಂದೂ ಹೇಳುತ್ತದೆ: ಬೇಸರ, ಸೋಮಾರಿತನ, ಆಕಳಿಕೆ, ಅತಿಯಾಗಿ ಉಂಡ ಮಂಪರು, ಮನಸ್ಸಿನ ಕುಗ್ಗು. ಆ ಊಟ ನಿಲ್ಲಿಸುವುದು ಪ್ರಯತ್ನ: ಮೊದಲು ಶುರು ಮಾಡುವುದು, ಆಮೇಲೆ ಬಿಡದೆ ಮುಂದುವರಿಸುವುದು.

ಒಂದು ಎಚ್ಚರ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹಗಲೂ ರಾತ್ರಿ ಸೊಪ್ಪು ಹಾಕಿದ ಅಕ್ಕ, ಫಿಲೇಚರ್‌ನಲ್ಲಿ ದಿನವಿಡೀ ಬಿಸಿನೀರಿಗೆ ಕೈಯೊಡ್ಡಿದ ಅಣ್ಣ ನಮ್ಮ ಓದಿನ ಹೊತ್ತಿಗೆ ತೂಕಡಿಸಿದರೆ ಅದು ಜಡತೆಯಲ್ಲ, ದಣಿವು. ಅವರಿಗೆ ಬೇಕಾದ್ದು ವಿಶ್ರಾಂತಿ. ‘ಸೋಮಾರಿಗಳು’ ಎಂಬ ಮಾತನ್ನು ದುಡಿದು ಸತ್ತ ನಮ್ಮ ಹಿರಿಯರು ಸಾಕಷ್ಟು ಕೇಳಿದ್ದಾರೆ.

ಆದರೆ ತಿಂಗಳ ಸಂಬಳ ಪಡೆದು, ರಾತ್ರಿ 11ರವರೆಗೂ ಮೊಬೈಲ್ ನೋಡುತ್ತ, ‘ಬುದ್ಧ ಮತ್ತು ಆತನ ಧಮ್ಮ’ವನ್ನು ಮೂರು ತಿಂಗಳಿಂದ ತೆರೆಯದ ನನ್ನದು ಪಾಚಿಯೇ. ಕಾಯಿಲೆಯ ನಡುವೆ ಬಾಬಾಸಾಹೇಬರು ಬರೆದ ಆ ಗ್ರಂಥ 1957ರಲ್ಲಿ, ಅವರ ಪರಿನಿಬ್ಬಾಣದ ನಂತರ ಪ್ರಕಟವಾಯಿತು.

ಇಂದಿನ ಅಭ್ಯಾಸ: ಔಷಧಿ ಸುರಿದಂತೆ ದೊಡ್ಡ ಶಪಥ ಬೇಡ. ಈ ಸಂದೇಶ ಮುಗಿದ ಕೂಡಲೇ ಮೊಬೈಲ್ ಕೆಳಗಿಟ್ಟು ಒಂದು ಪುಟ ಓದೋಣ. ನಾಳೆ ಇನ್ನೊಂದು.

ಭವತು ಸಬ್ಬ ಮಂಗಲಂ. ಜೈ ಭೀಮ್ 🙏