ಗುಡ್ಡದ ಸೀತಾಫಲವೂ ತೋಟದ ಸೀತಾಫಲವೂ

ಮಳೆಗಾಲ ಹಿಂದೆ ಸರಿಯಿತೆಂದರೆ ಹೈದರಾಬಾದಿನ ಬೀದಿಗಳಿಗೆ ಸೀತಾಫಲದ ಬುಟ್ಟಿಗಳು ಬರುತ್ತವೆ. ಇವುಗಳಲ್ಲಿ ಅನೇಕ ಹಣ್ಣುಗಳು ಯಾರೂ ಬಿತ್ತದ, ಯಾರೂ ನೀರೆರೆಯದ ಗಿಡಗಳವು. ಸೀತೆಯ ಹೆಸರನ್ನು ಹೊತ್ತಿದ್ದರೂ ಈ ಗಿಡದ ತವರು ಅಮೆರಿಕದ ಉಷ್ಣಪ್ರದೇಶ. ಆದರೆ ದಖ್ಖನಿನ ಕಲ್ಲುಗುಡ್ಡಗಳು ಇದಕ್ಕೆ ಎಷ್ಟು ಒಗ್ಗಿದುವೆಂದರೆ, ಇಲ್ಲಿ ಇದು ಕಾಡುಗಿಡವೇ ಆಗಿ ಹಬ್ಬಿದೆ. ಒಣಗಾಲದಲ್ಲಿ ಎಲೆಯುದುರಿಸಿ ತನ್ನ ನೀರನ್ನು ಕಾಪಾಡಿಕೊಳ್ಳುತ್ತದೆ. ಆಡುಗಳು ಸಹ ಇದರ ಎಲೆಗೆ ಬಾಯಿ ಹಾಕುವುದಿಲ್ಲ.

ಇಂತಹ ಗಿಡವನ್ನು ಬೆಳೆಯಾಗಿ ಮಾಡುವುದು ಸುಲಭವೆಂದು ತೋರಬಹುದು. ಹಾಗಲ್ಲ. ಬೀಜದಿಂದ ಹುಟ್ಟಿದ ಗಿಡಗಳು ಒಂದರಂತೆ ಒಂದಿರುವುದಿಲ್ಲ. ಆದುದರಿಂದ ಒಳ್ಳೆಯ ಗಿಡವನ್ನು ಆರಿಸಿ, ಅದರ ಕಣ್ಣನ್ನೋ ಕುಡಿಯನ್ನೋ ಸಸಿಗೆ ಕಸಿಮಾಡಬೇಕು. ಪ್ರಸಿದ್ಧವಾದ ಬಾಲಾನಗರ ತಳಿಯು ಹೀಗೆ ಆರಿಸಿ ಬಂದುದೇ. (ಇದು ನಮ್ಮ ನಗರದ ಕಾರ್ಖಾನೆಗಳ ಬಾಲಾನಗರವಲ್ಲ; ಮಹಬೂಬನಗರದ ಕಡೆಯದು.) ಸಂಗಾರೆಡ್ಡಿಯ ಹಣ್ಣಿನ ಸಂಶೋಧನಾ ಕೇಂದ್ರದಲ್ಲಿಯೂ ಸೀತಾಫಲದ ಬಗೆಗಳ ಅಭ್ಯಾಸ ನಡೆದಿದೆ. ಇಂದು ಗುಡ್ಡಗಳನ್ನೊಡೆದು ಬಡಾವಣೆ ಕಟ್ಟುವಾಗ, ಇನ್ನೂ ಯಾರ ಕಣ್ಣಿಗೂ ಬೀಳದ ಒಳ್ಳೆಯ ಗಿಡಗಳು ಕಲ್ಲಿನೊಡನೆ ಹೋಗುತ್ತಿರಬಹುದೆಂಬುದೇ ನಮ್ಮ ಚಿಂತೆ.

ಹೂವಿನ ಸಂಗತಿ ಇನ್ನೂ ವಿಚಿತ್ರವಾದುದು. ಗಿಡದ ತುಂಬ ಹೂ ಬಿಟ್ಟರೂ ಕಾಯಿಗಟ್ಟುವುದು ಕೆಲವೇ. ಒಂದೇ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇವೆ. ಆದರೆ ಶಲಾಕಾಗ್ರವು ಪರಾಗವನ್ನು ಸ್ವೀಕರಿಸಲು ಸಿದ್ಧವಾಗುವುದು ಮೊದಲು, ಅದೇ ಹೂವಿನ ಪರಾಗವು ಹೊರಬೀಳುವುದು ಆಮೇಲೆ. ದಪ್ಪ ಎಸಳುಗಳೊಳಗೆ ನುಸುಳುವ ಸಣ್ಣ ದುಂಬಿಗಳು ಒಂದು ಹೂವಿನಿಂದ ಇನ್ನೊಂದಕ್ಕೆ ಪರಾಗವನ್ನು ಒಯ್ದರೆ ಮಾತ್ರ ಫಲ. ಈ ತೊಡಕನ್ನರಿತ ಮೇಲೆ ಉಪಾಯವೂ ಹೊಳೆಯಿತು. ಅರಳಿದ ಹೂಗಳ ಪರಾಗವನ್ನು ಕೂಡಿಸಿ, ಆಗತಾನೇ ಬಿರಿಯುವ ಹೂಗಳಿಗೆ ಮೆತ್ತನೆಯ ಕುಂಚದಿಂದ ಸವರುವುದು! ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸಹನ್ ಎಂಬ ಮಿಶ್ರತಳಿಯಲ್ಲಿ ಬೀಜ ಕಡಿಮೆ, ಹಣ್ಣಾಗುವುದೂ ನಿಧಾನ. ಅದಕ್ಕೂ ಸಾಮಾನ್ಯ ಸೀತಾಫಲದ ಪರಾಗವನ್ನು ಕೈಯಿಂದ ಹಚ್ಚುವ ಕ್ರಮವಿದೆ.

ಕೊಯ್ಲಿಗೂ ವಿವೇಕ ಬೇಕು. ಕಾಯಿಯ ಕಣ್ಣುಗಳು ಅಗಲವಾಗಿ, ಅವುಗಳ ನಡುವಣ ಸಂದು ತಿಳಿಹಳದಿಗೆ ತಿರುಗಿದಾಗ ಕಿತ್ತರೆ ಕೆಲವೇ ದಿನಗಳಲ್ಲಿ ಸಿಹಿಯಾಗಿ ಹಣ್ಣಾಗುತ್ತದೆ. ಎಳೆಯದಾಗಿ ಕಿತ್ತರೆ ರುಚಿಗೆಟ್ಟು ಕಪ್ಪಾಗುತ್ತದೆ. ತೋಟದವನು ಆ ದಿನದವರೆಗೆ ಕಾಯಬಲ್ಲನು. ಗುಡ್ಡದ ಗಿಡಕ್ಕೆ ಒಡೆಯನಿಲ್ಲ. ಇಂದು ತಾನು ಬಿಟ್ಟ ಕಾಯನ್ನು ನಾಳೆ ಮತ್ತೊಬ್ಬಳು ಒಯ್ಯುವಳೆಂಬುದನ್ನು ಬುಟ್ಟಿಯವಳು ಬಲ್ಲಳು.